ಮೂರನೇ ಗೇರಿನ ಅವಸರ

ಕಾರಿನ ಗೇರು ಹೇಗೆ ಬದಲಾಯಿಸಬೇಕು ಎಂಬುದನ್ನು ನಾನು ನಾಲ್ಕು ದಿನದಲ್ಲಿ ಕಲಿತೆ. ಯಾವಾಗ ಬದಲಾಯಿಸಬೇಕು ಎಂಬುದನ್ನು ಕಲಿಯಲು ನಾಲ್ಕು ತಿಂಗಳು ಬೇಕಾಯಿತು. ಈ ವ್ಯತ್ಯಾಸಕ್ಕೆ ಪೂರ್ತಿ ಕಾರಣ, ನನ್ನ ಎಡಗಡೆಯ ಸೀಟಿನಲ್ಲಿ ಕುಳಿತುಕೊಳ್ಳುತ್ತಿದ್ದವರು.

ಅಲ್ಲಿ ಕುಳಿತುಕೊಳ್ಳುತ್ತಿದ್ದವರು ನಮ್ಮವರು, ಪುಂಡರೀಕಾಕ್ಷ ರಾವ್. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಜಾಗದಲ್ಲಿ ಮೂವತ್ತೆಂಟು ವರ್ಷ ಉಡುಪಿ ಹೋಟೆಲು ನಡೆಸಿದರು. ಈಗ ಅದನ್ನು ಇನ್ನೊಬ್ಬರಿಗೆ ನಡೆಸಲು ಕೊಟ್ಟಿದ್ದೇವೆ. ಹೆಸರು ಪುಂಡರೀಕಾಕ್ಷನಾದರೂ ಎಪ್ಪತ್ತನೆಯ ವಯಸ್ಸಿಗೆ ಕಣ್ಣೇ ಕೈಕೊಟ್ಟಿತು. ಗ್ಲಾಕೋಮಾ ಎಂದರು ಡಾಕ್ಟರು. ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಕೊಳವೆಯೊಳಗಿನಿಂದ ನೋಡಿದ ಹಾಗೆ. ಗಾಡಿ ಓಡಿಸುವುದನ್ನು ನಿಲ್ಲಿಸಿ ಎಂದು ಡಾಕ್ಟರು ಹೇಳಿದಾಗ ಇವರು ತಲೆಯಾಡಿಸಿದರು. ಮನೆಗೆ ಬಂದು ಕಾರಿನ ಕೀಲಿಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದರು. ಆಮೇಲೆ ಅದನ್ನು ಮುಟ್ಟಲಿಲ್ಲ. ಈ ಒಂದು ವಿಷಯದಲ್ಲಿ ಅವರು ಹಟ ಮಾಡಲಿಲ್ಲ ಎಂಬುದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಬಗ್ಗೆ ಒಳ್ಳೆಯದನ್ನು ಬರೆಯುವ ಸಂದರ್ಭಗಳು ಕಡಿಮೆ.

ತೊಂದರೆ ಇದ್ದದ್ದು ಶನಿವಾರದ್ದು. ಸೀವುಡ್ಸ್‌ನಲ್ಲಿ ಊರಿನವರದೇ ಒಂದು ಭಜನಾ ಮಂಡಳಿ ಉಂಟು. ಪ್ರತಿ ಶನಿವಾರ ಸಂಜೆ ಐದು ಗಂಟೆಗೆ ಒಂದು ಸೊಸೈಟಿಯ ಹಾಲಿನಲ್ಲಿ ಸೇರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ತಾಳ ಹಾಕುವವರು ಇವರು. ಹೋಟೆಲಿಗೆ ರಜೆ ಇಲ್ಲದ ಕಾಲದಲ್ಲೂ ಶನಿವಾರ ಮೂರೂವರೆಗೆ ಗಲ್ಲಾಪೆಟ್ಟಿಗೆಯಿಂದ ಎದ್ದು ಕಾರಿನಲ್ಲಿ ಹೊರಟುಬಿಡುತ್ತಿದ್ದರು. ಕಾರು ಬಿಟ್ಟ ಮೇಲೆ ಎರಡು ವಾರ ಟ್ರೇನಿನಲ್ಲಿ ಹೋದರು. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ಆಚೆ ಕಡೆಯ ಗಾಡಿ. ಮೂರನೆಯ ವಾರ ಠಾಣೆಯ ಮೆಟ್ಟಿಲಿನಲ್ಲಿ ಪಕ್ಕದಿಂದ ಬಂದವರು ಕಾಣದೆ ಬಿದ್ದರು. ಯಾವುದೋ ಕಾಲೇಜು ಹುಡುಗಿ ಅವರ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಆ ಜನಜಂಗುಳಿಯಲ್ಲಿ ಚಪ್ಪಲಿ ಎರಡನ್ನೂ ಹುಡುಕಿಸಿ, ನನಗೆ ಫೋನು ಮಾಡಿ, ನಾನು ತಲುಪುವವರೆಗೆ ಅಲ್ಲೇ ಕುಳಿತಿದ್ದಳು. ಹೆಸರು ಕೇಳಲು ಮರೆತೆ. ಈಗಲೂ ಆ ಮೆಟ್ಟಿಲು ಹತ್ತುವಾಗ ಅವಳನ್ನು ಹುಡುಕುತ್ತೇನೆ.

ಬಾಡಿಗೆ ಕಾರು ಪ್ರಯತ್ನ ಮಾಡಿದ್ದಾಯಿತು. ಡ್ರೈವರು ಫೋನು ಮಾಡಿ "ಕಿಧರ್ ಜಾನಾ ಹೈ" ಎನ್ನುತ್ತಾನೆ. ಸೀವುಡ್ಸ್ ಎಂದ ಕೂಡಲೇ ಫೋನು ಇಡುತ್ತಾನೆ. ಮೂರು ಜನ ಹೀಗೆ ಮಾಡುವಷ್ಟರಲ್ಲಿ ಐದು ಗಂಟೆ ಹೊಡೆದಿರುತ್ತದೆ.

ಆಮೇಲಿನ ಶನಿವಾರಗಳಲ್ಲಿ ಮಂಡಳಿಯ ಮಧ್ವರಾಜರು ಒಂದು ಉಪಕಾರ ಮಾಡಿದರು. ಐದು ಗಂಟೆಗೆ ಸರಿಯಾಗಿ ನಮಗೆ ಫೋನು ಮಾಡಿ, ತಮ್ಮ ಫೋನನ್ನು ಹಾಲಿನ ನಡುವೆ ಒಂದು ಸ್ಟೂಲಿನ ಮೇಲಿಡುತ್ತಿದ್ದರು. ಇಲ್ಲಿ ನಮ್ಮ ಊಟದ ಮೇಜಿನ ಮೇಲೆ ಭಜನೆ ಕೇಳುತ್ತಿತ್ತು. ಇವರು ಸ್ಟೀಲ್ ಲೋಟಕ್ಕೆ ಚಮಚದಿಂದ ತಾಳ ಹಾಕುತ್ತಿದ್ದರು. ಫೋನಿನಲ್ಲಿ ಸ್ವರ ಅರ್ಧ ಕ್ಷಣ ತಡವಾಗಿ ಬರುತ್ತದೆ, ಹಾಗಾಗಿ ಇವರ ತಾಳ ಅಲ್ಲಿಯವರಿಗೆ ಯಾವಾಗಲೂ ತಪ್ಪಿಯೇ ಕೇಳಿಸಿರಬೇಕು. ಯಾರೂ ಒಂದು ದಿನವೂ ಹಾಗೆಂದು ಹೇಳಲಿಲ್ಲ. ಒಂದು ಶನಿವಾರ ಮಂಗಳದ ನಡುವೆ ಇವರು ಚಮಚ ಕೆಳಗಿಟ್ಟು ಬಾಲ್ಕನಿಗೆ ಹೋಗಿ ನಿಂತರು. ಮಂಗಳ ಮುಗಿಯುವ ಮೊದಲು ಎದ್ದು ಹೋದದ್ದನ್ನು ನಾನು ನಲವತ್ತೊಂದು ವರ್ಷದಲ್ಲಿ ನೋಡಿರಲಿಲ್ಲ. ಮರುದಿನವೇ ಹೋಗಿ ಡ್ರೈವಿಂಗ್ ಕ್ಲಾಸಿಗೆ ಹೆಸರು ಕೊಟ್ಟೆ. ನನಗೆ ಅರುವತ್ತನಾಲ್ಕು.

ಠಾಣೆಯಲ್ಲಿರುವ ಮಗಳು ಪ್ರಿಯಂವದಾ ಕೇಳಿ ಬೆಚ್ಚಿಬಿದ್ದಳು. "ಅಮ್ಮ, ಛೋಡೋ ನಾ. ಒಂಬತ್ತು ವರ್ಷದ ಗಾಡಿ, ಅದೂ ಗೇರಿನದ್ದು. ಅದನ್ನು ಕೊಟ್ಟು ಆಟೋಮ್ಯಾಟಿಕ್ ತಗೊಳ್ಳುವಾ."

"ಈ ಗಾಡಿಗೆ ಎಂತ ಆಗಿದೆ?" ಎಂದರು ಇವರು.

"ಗಾಡಿಗೆ ಏನೂ ಆಗಿಲ್ಲ ಪಪ್ಪ. ಅಮ್ಮನಿಗೆ ಆಗ್ತದೆ."

ಕೊನೆಗೆ ಒಂದು ಒಪ್ಪಂದವಾಯಿತು. ದೀಪಾವಳಿಯೊಳಗೆ ನಾನು ಲೈಸೆನ್ಸ್ ಪಡೆದರೆ ಕಾರು ಇರುತ್ತದೆ. ಇಲ್ಲದಿದ್ದರೆ ಅವಳ ಬ್ಯಾಂಕಿನ ಸಹೋದ್ಯೋಗಿಯೊಬ್ಬರು ಕೇಳುತ್ತಿದ್ದಾರೆ, ಅವರಿಗೆ ಹೋಗುತ್ತದೆ. ಕಾರು ಹೋದರೆ ಶನಿವಾರವೂ ಹೋದ ಹಾಗೆಯೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕ್ಲಾಸಿನ ಊರ್ಮಿಳಾತಾಯಿ ನಲವತ್ತರ ಹೆಂಗಸು, ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಕೂದಲನ್ನು ಎತ್ತಿ ಕ್ಲಿಪ್ ಹಾಕಿಕೊಂಡು ಬೆಳಿಗ್ಗೆ ಆರಕ್ಕೇ ಬರುತ್ತಾಳೆ. ಮೊದಲ ದಿನ ನನ್ನ ಮೊಣಕಾಲು ನೋಡಿ, ಸೀಟಿನ ಮೇಲೆ ಹಾಕಲು ತನ್ನ ಮನೆಯಿಂದ ದಿಂಬು ತಂದಳು. ಎರಡನೆಯ ದಿನದಿಂದ ಅದು ನನ್ನ ದಿಂಬೇ ಆಯಿತು. ಬೇರೆಯವರಿಗೆ ಕೊಡುತ್ತಿರಲಿಲ್ಲ. ಅವಳ ಪಾಠ ಒಂದೇ ವಾಕ್ಯದ್ದು. "ಕಾಕೂ, ಘಾಯಿ ನಕೊ." ಅವಸರ ಬೇಡ, ಚಿಕ್ಕಮ್ಮ. "ಇಂಜಿನ್ ಬೋಲ್ತೋಯ್, ಐಕಾ." ಇಂಜಿನ್ ತಾನೇ ಹೇಳುತ್ತದೆ, ಕೇಳಿಸಿಕೊಳ್ಳಿ. ಮೊದಲನೆಯ ಗೇರಿನಲ್ಲಿ ಹೊರಡಬೇಕು. ಗಾಡಿ ಸರಾಗವಾಗಿ ಉರುಳತೊಡಗಿ ಇಂಜಿನ್ ದನಿ ಏರಿದಾಗ ಎರಡನೆಯದು. ಮತ್ತೆ ದನಿ ಏರಿದಾಗ ಮೂರನೆಯದು. ಏರು ಬಂದಾಗ, ತಿರುವು ಬಂದಾಗ ಕೆಳಗಿನ ಗೇರಿಗೆ ಇಳಿಯಬೇಕು. ಮೇಲಿನ ಗೇರಿನಲ್ಲಿ ನಿಧಾನಕ್ಕೆ ಹೋದರೆ ಗಾಡಿಗೆ ಶಕ್ತಿ ಸಾಲದೆ ನಡುಗುತ್ತದೆ, ಆಮೇಲೆ ನಿಲ್ಲುತ್ತದೆ. ನನಗೆ ಇದು ಅರ್ಥವಾಯಿತು. ಕ್ಲಾಸಿನ ಕಾರು ನನ್ನ ಕೈಯಲ್ಲಿ ಒಂದು ಬಾರಿಯೂ ನಡುಗಲಿಲ್ಲ.

ನಮ್ಮ ಕಾರು ನಡುಗಿತು. ಭಾನುವಾರ ಬೆಳಿಗ್ಗೆ, ಕಾರ್ಖಾನೆಗಳು ಮುಚ್ಚಿರುವಾಗ, ಎಂಐಡಿಸಿಯ ಖಾಲಿ ರಸ್ತೆಗಳಲ್ಲಿ ನಾನು ಇವರನ್ನು ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಇರಬೇಕಲ್ಲ. ಇವರ ಲೈಸೆನ್ಸಿನ ಅವಧಿ ಇನ್ನೂ ಇತ್ತು, ಕಣ್ಣಿನದು ಮಾತ್ರ ಮುಗಿದಿತ್ತು.

"ಗೇರ್ ಹಾಕು."

"ಈಗಷ್ಟೇ ಹೊರಟದ್ದು."

"ಹೊರಟಾಯ್ತಲ್ಲ. ಮೊದಲನೇದು ಬರೀ ಹೊರಡ್ಲಿಕ್ಕೆ. ಎರಡು ಹಾಕು."

ಹಾಕಿದೆ.

"ಮೂರು ಹಾಕು."

"ಅಯ್ಯೋ, ಗಾಡಿ ಹದಿನೈದರಲ್ಲಿ ಉಂಟು."

"ಕೂಗುದು ಕೇಳ್ತದಾ ಇಲ್ವಾ ನಿಂಗೆ? ಸುಮ್ಮನೆ ಪೆಟ್ರೋಲ್ ಉರಿತಾ ಉಂಟು ಮಾರಾಯ್ತಿ."

ಮೂರು ಹಾಕಿದೆ. ಗಾಡಿ ಮುದಿ ಎಮ್ಮೆಯಂತೆ ಒಮ್ಮೆ ಮೈ ಕೊಡವಿ ನಿಂತುಬಿಟ್ಟಿತು.

"ಕ್ಲಚ್ ಸರಿ ಬಿಡ್ಲಿಲ್ಲ ನೀನು," ಎಂದರು.

ಹೀಗೆ ಒಂದು ಭಾನುವಾರವಲ್ಲ, ಹನ್ನೊಂದು ಭಾನುವಾರ. ಘರ್ಡಾ ಸರ್ಕಲಿನ ಹತ್ತಿರ ಗಾಡಿ ನಿಂತಾಗ ಒಬ್ಬ ಹಾಲಿನವನು ತನ್ನ ಸೈಕಲು ಅಡ್ಡ ನಿಲ್ಲಿಸಿ ಹಿಂದಿನವರನ್ನು ತಡೆದ. ಒಂದು ಸ್ಕೂಲ್ ವ್ಯಾನಿನವನು ಹಾರ್ನ್ ಮಾಡದೆ ಕಾದು, ನಾನು ಹೊರಟ ಮೇಲೆ ಹೆಬ್ಬೆರಳು ತೋರಿಸಿದ. ಬೀದಿಯಲ್ಲಿ ಹೋಗುವ ಅಪರಿಚಿತರಿಗೆಲ್ಲ ನನ್ನ ಮೇಲೆ ಕರುಣೆ ಇತ್ತು. ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಪೆಟ್ರೋಲಿನ ಮೇಲೆ.

ನಾನು ಸಿಟ್ಟು ಬಂದು ಕೇಳಿದ್ದೂ ಉಂಟು. "ಊರ್ಮಿಳಾತಾಯಿ ಹೇಳುದೇ ಬೇರೆ."

"ಅವಳಿಗೆಂತ? ಕ್ಲಾಸಿನ ಗಾಡಿ. ಪೆಟ್ರೋಲ್ ಅವಳಪ್ಪನದ್ದಾ?"

"ನೀವು ಓಡಿಸುವಾಗಲೂ ಹೀಗೆಯೇ ಓಡಿಸ್ತಿದ್ರಾ?"

"ಮತ್ತೆ?"

ಯೋಚಿಸಿದರೆ ನಿಜ. ಇವರು ಓಡಿಸುತ್ತಿದ್ದಾಗ ಹಿಂದಿನ ಸೀಟಿನಲ್ಲಿ ಕುಳಿತ ನಮಗೆಲ್ಲ ಹೊಟ್ಟೆ ನಡುಗುತ್ತಿತ್ತು. ಗಾಡಿಯೇ ಹಾಗೆ ಎಂದುಕೊಂಡಿದ್ದೆ.

ಮನೆಯಲ್ಲಿ ಒಬ್ಬಳೇ ಇದ್ದಾಗ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, ಲಟ್ಟಣಿಗೆಯನ್ನು ಗೇರಿನ ಕೋಲು ಎಂದುಕೊಂಡು, ಎಡಗಾಲಿನಲ್ಲಿ ನೆಲ ಒತ್ತಿ ಅಭ್ಯಾಸ ಮಾಡಿದೆ. ಆದರೆ ಇಷ್ಟು ಭಾನುವಾರಗಳು ಕಳೆಯುವಷ್ಟರಲ್ಲಿ ನನ್ನ ಕಿವಿ ಕೆಟ್ಟುಹೋಗಿತ್ತು. ಇಂಜಿನ್ ದನಿ ಸ್ವಲ್ಪ ಏರಿದರೆ ಸಾಕು, ಎದೆಯೊಳಗೆ "ಹಾಕು ಹಾಕು" ಎಂದು ಶುರುವಾಗುತ್ತಿತ್ತು. ಊರ್ಮಿಳಾತಾಯಿಯ ಕಾರಿನಲ್ಲೂ ಕೈ ತಾನಾಗಿ ಗೇರಿಗೆ ಹೋಗತೊಡಗಿತು. "ಕಾಕೂ, ಕಾಯ್ ಝಾಲಂ?" ಎಂದು ಅವಳು ಕೇಳಿದಳು. ಏನಾಯಿತು ಎಂದು ಹೇಗೆ ಹೇಳಲಿ. ಗಂಡ ಆಯಿತು ಎನ್ನಲಾಗುತ್ತದೆಯೆ.

ಕಲ್ಯಾಣದಲ್ಲಿ ಪರೀಕ್ಷೆ ಅಕ್ಟೋಬರ್ ಮೊದಲ ವಾರ. ಹಿಂದಿನ ದಿನ ಸಂಜೆ ಇವರು ನನ್ನನ್ನು ಕೂರಿಸಿಕೊಂಡು ಬಹಳ ಪ್ರೀತಿಯಿಂದ ಹೇಳಿದರು, "ನೋಡು, ಏರಿನಲ್ಲಿ ನಿಲ್ಲಿಸಿ ಹೊರಡಿಸ್ತಾರೆ. ಹೆದರಬೇಡ. ಮೊದಲನೇದರಲ್ಲಿ ಹೊರಡು, ಹೊರಟ ಕೂಡಲೇ ಎರಡು ಹಾಕು. ಇಂಜಿನ್ ಕೂಗಿಸಿದ್ರೆ ಇನ್ಸ್‌ಪೆಕ್ಟರಿಗೆ ಇವಳಿಗೆ ಬರುದಿಲ್ಲ ಅಂತ ಗೊತ್ತಾಗ್ತದೆ."

ಹಾಗೆಯೇ ಮಾಡಿದೆ. ಏರಿನ ನಡುವೆ ನಿಲ್ಲಿಸಿ, ಹೊರಟು, ಒಂದು ಗಾಡಿಯುದ್ದ ಕೂಡ ಹೋಗುವ ಮೊದಲು ಎರಡು ಹಾಕಿದೆ. ಕಾರು ನಡುಗಿ ನಿಂತಿತು. ಬ್ರೇಕು ಹುಡುಕುವಷ್ಟರಲ್ಲಿ ಹಿಂದಕ್ಕೆ ಜಾರಿ, ಸಾಲಾಗಿ ಇಟ್ಟಿದ್ದ ಕೆಂಪು ಶಂಕುಗಳಲ್ಲಿ ಒಂದನ್ನು ಉರುಳಿಸಿತು. ಇನ್ಸ್‌ಪೆಕ್ಟರು ಬಯ್ಯಲಿಲ್ಲ. ತಾವೇ ಬಗ್ಗಿ ಶಂಕುವನ್ನು ಎತ್ತಿ ನಿಲ್ಲಿಸಿದರು. "ಆಯೀ, ಪಹಿಲಾ ಗಿಯರ್ ಸೋಡೂ ನಕಾ ನಾ ಇತಕ್ಯಾ ಲವಕರ್," ಎಂದರು. ಅಮ್ಮಾ, ಮೊದಲನೆಯ ಗೇರನ್ನು ಅಷ್ಟು ಬೇಗ ಬಿಡಬೇಡಿ. ವಾರ ಬಿಟ್ಟು ಮತ್ತೆ ಬನ್ನಿ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಹುಡುಗನೊಬ್ಬ ಎದ್ದು ನನಗೆ ನೆರಳಿನ ಜಾಗ ಬಿಟ್ಟುಕೊಟ್ಟ. ಅವನೂ ನಪಾಸಾದವನೇ.

ಇವರಿಗೆ ಫೋನು ಮಾಡಿ ಹೇಳಿದೆ. "ಎರಡು ಹಾಕುವಾಗ ಕ್ಲಚ್ ಪೂರ್ತಿ ಒತ್ತಿರ್ಲಿಕ್ಕಿಲ್ಲ ನೀನು," ಎಂದರು.

ನಾನು ಮನೆಗೆ ಹೋಗಲಿಲ್ಲ. ಡೊಂಬಿವಲಿಯಲ್ಲಿ ಇಳಿದು ನೇರವಾಗಿ ಹೋಟೆಲಿಗೆ ಹೋಗಿ, ಅಡುಗೆಮನೆಯ ಬಾಗಿಲಿನ ಪಕ್ಕದ ಮೇಜಿಗೆ ಕುಳಿತು ಕಾಫಿ ಹೇಳಿದೆ. ಹೊಸ ಮಾಣಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಆದರೆ ಒಳಗೆ ದೋಸೆ ಕಾವಲಿಯ ಮುಂದೆ ಇನ್ನೂ ಚೆನ್ನಯನೇ ಇದ್ದಾನೆ. ಬೆಳ್ಮಣ್ಣಿನವನು, ಮೂವತ್ತೊಂದು ವರ್ಷದಿಂದ ಅದೇ ಕಾವಲಿ. ಕಿಟಕಿಯಿಂದ ನೋಡಿದವನೇ ಏನೂ ಕೇಳದೆ ಒಂದು ಸಾದಾ ದೋಸೆ ಹೊಯ್ದು, ಕೈ ಒರೆಸಿಕೊಂಡು ತಾನೇ ತಂದಿಟ್ಟ.

"ಫೇಲಾ ಅಮ್ಮ?"

"ನಿಂಗೆ ಯಾರು ಹೇಳಿದ್ದು?"

"ಕಾಫಿಗೆ ಸಕ್ಕರೆ ಹಾಕಿಸಿಕೊಂಡ್ರಲ್ಲ. ಇದಕ್ಕೆ ಮೊದಲು ನೀವು ಸಕ್ಕರೆ ಹಾಕಿಸಿಕೊಂಡದ್ದು ನಿಮ್ಮ ಅತ್ತೆ ತೀರಿಹೋದ ದಿನ."

ಮಧ್ಯಾಹ್ನದ ಮೂರು ಗಂಟೆ, ಗಿರಾಕಿಗಳು ಕಡಿಮೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಹಾಕು ಹಾಕು ಎನ್ನುವುದು, ಇಂಜಿನ್ ಕೂಗುತ್ತದೆ ಎನ್ನುವುದು, ಪೆಟ್ರೋಲ್ ಉರಿಯುತ್ತದೆ ಎನ್ನುವುದು. ಚೆನ್ನಯ ಮೊದಲು ಮುಗುಳ್ನಕ್ಕ. ಆಮೇಲೆ ಸಟ್ಟುಗ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

"ಧನಿಗಳು ಕಾರಿನಲ್ಲೂ ಶುರು ಮಾಡಿದ್ರಾ?"

"ಎಂತ ಶುರು ಮಾಡಿದ್ದು?"

"ಉರಿ ಸಣ್ಣ ಮಾಡು ಅನ್ನುದು." ಅವನು ಕಾವಲಿಯ ಕೆಳಗಿನ ಬರ್ನರು ತೋರಿಸಿದ. ಭರ್ ಎಂದು ಉರಿಯುತ್ತಿತ್ತು. "ಈ ಶಬ್ದ ಕೇಳಿದ್ರೆ ಅವರಿಗೆ ಆಗ್ತಿರ್ಲಿಲ್ಲ. ಗಲ್ಲಾದಲ್ಲಿ ಕೂತವರಿಗೆ ಇಲ್ಲಿಯದು ಕೇಳ್ತಿತ್ತು. ಎದ್ದು ಬರುದು, ಚೆನ್ನಯ ಸಣ್ಣ ಮಾಡು, ಗ್ಯಾಸ್ ಸುಮ್ಮನೆ ಉರಿತಾ ಉಂಟು ಅನ್ನುದು. ದಿನಕ್ಕೆ ಇಪ್ಪತ್ತು ಸಲ."

ನಾನು ಬಾಗಿಲ ಚೌಕಟ್ಟಿಗೆ ಒರಗಿದೆ. ಮೂವತ್ತೆಂಟು ವರ್ಷ ಸಾಂಬಾರಿನ ಹಂಡೆಗೆ, ಹಾಲಿನ ಪಾತ್ರೆಗೆ, ಇಡ್ಲಿಯ ಅಟ್ಟಕ್ಕೆ ಹೇಳಿದ ಅದೇ ಮಾತನ್ನು ಇವರು ಈಗ ಕಾರಿಗೆ ಹೇಳುತ್ತಿದ್ದಾರೆ. ಏರಿದ ಶಬ್ದ ಎಂದರೆ ದಂಡ. ಅದನ್ನು ಇಳಿಸಬೇಕು. ಕಾರಿನಲ್ಲಿ ಶಬ್ದ ಇಳಿಸುವ ದಾರಿ ಮುಂದಿನ ಗೇರು.

"ಕಾವಲಿ ಕಾಯದೆ ಹಿಟ್ಟು ಹೊಯ್ದರೆ ದೋಸೆ ಏಳುದುಂಟಾ ಅಮ್ಮ? ಅಲ್ಲೇ ಅಂಟಿಕೊಳ್ತದೆ. ನೀರು ಚಿಮುಕಿಸಿದ್ರೆ ಚುಯ್ ಅಂತ ಹಾರ್ಬೇಕು. ಆಮೇಲೆ ಹೊಯ್ಯುದು, ಆಮೇಲೆ ಬೇಕಾದ್ರೆ ಸಣ್ಣ ಮಾಡುದು."

"ಮತ್ತೆ ನೀನು ಎಂತ ಮಾಡ್ತಿದ್ದೆ?"

"ಸಣ್ಣ ಮಾಡಿದೆ ಧನಿ, ಅಂತಿದ್ದೆ."

"ಮಾಡ್ತಿದ್ದೆಯಾ?"

"ಇಲ್ಲ."

"ಒಂದು ಸಲವೂ?"

"ಒಂದು ಸಲ ಮಾಡಿದ್ದೆ, ಸೇರಿದ ಮೊದಲ ವಾರ. ಆರು ದೋಸೆ ಹಾಳಾಯ್ತು. ಧನಿಗಳೇ ಬಯ್ದರು, ದೋಸೆ ಹೊಯ್ಲಿಕ್ಕೆ ಬರುದಿಲ್ಲ ನಿಂಗೆ ಅಂತ. ಅಲ್ಲಿಂದ ಮುಂದೆ ಬಾಯಲ್ಲಿ ಮಾಡಿದೆ ಅನ್ನುದು, ಕೈಯಲ್ಲಿ ನನ್ನ ಕೆಲಸ ನಾನು ಮಾಡುದು."

"ಮೂವತ್ತೊಂದು ವರ್ಷ?"

"ಅವರ ಮಾತಿಗೆ ಎದುರು ಹೇಳಿದ ಹಾಗೂ ಆಗ್ಲಿಲ್ಲ. ದೋಸೆಯೂ ಅಂಟ್ಲಿಲ್ಲ." ಅವನು ಸಟ್ಟುಗ ಎತ್ತಿಕೊಂಡ. "ಇನ್ನೊಂದು ದೋಸೆ ಹಾಕ್ತೇನೆ, ಅದು ತಣಿದು ಹೋಯ್ತು."

ನಾನು ಉಡುಪಿಯಲ್ಲಿ ಬಿ.ಎ. ಓದಿದವಳು. ಗಂಡನಿಗೆ ಸುಳ್ಳು ಹೇಳುವುದರ ಬಗ್ಗೆ ನನಗೆ ಅಭಿಪ್ರಾಯಗಳಿದ್ದವು. ಮನೆಗೆ ನಡೆಯುವ ದಾರಿಯಲ್ಲಿ ಅವನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಲಿಫ್ಟಿನಲ್ಲಿ ಯಾರೂ ಇಲ್ಲದಾಗ ಸಣ್ಣ ದನಿಯಲ್ಲಿ "ಹಾಕಿದೆ" ಎಂದು ಹೇಳಿ ನೋಡಿದೆ. ಅಷ್ಟೇನೂ ಕಷ್ಟವಾಗಲಿಲ್ಲ.

ಭಾನುವಾರ ಮತ್ತೆ ಎಂಐಡಿಸಿ.

"ಎರಡು ಹಾಕು."

"ಹಾಕಿದೆ," ಎಂದೆ. ಕೈ ಗೇರಿನ ಮೇಲೆ ಸುಮ್ಮನೆ ಇತ್ತು. ಇವರ ಕಣ್ಣಿಗೆ ಪಕ್ಕದ್ದು ಕಾಣುವುದಿಲ್ಲ. ಆ ಸ್ಥಿತಿಯನ್ನು ನಾನು ಹೀಗೆ ಬಳಸಿಕೊಳ್ಳುತ್ತಿದ್ದೇನಲ್ಲ ಎಂದು ಅನ್ನಿಸಿತು. ಅಷ್ಟರಲ್ಲಿ ಇಂಜಿನ್ ದನಿ ಏರಿತು. ಈಗ, ಎಂದಿತು ಕಿವಿ. ನಿಜವಾಗಿಯೂ ಎರಡು ಹಾಕಿದೆ. ಕಾರು ನಡುಗಲಿಲ್ಲ.

"ಮೂರು."

"ಹಾಕಿದೆ."

ಇಡೀ ಬೆಳಿಗ್ಗೆ ಒಂದು ಸಲವೂ ಗಾಡಿ ನಿಲ್ಲಲಿಲ್ಲ. ಮನೆಯ ಗೇಟಿನ ಬಳಿ ಇಳಿಯುವಾಗ ಇವರು ಬಹಳ ತೃಪ್ತಿಯಿಂದ, "ನೋಡಿದಿಯಾ? ಹೇಳಿದ ಕೂಡಲೇ ಹಾಕಿದ್ರೆ ಗಾಡಿ ಎಷ್ಟು ಮೆತ್ತಗೆ ಹೋಗ್ತದೆ. ನಾಲ್ಕು ತಿಂಗಳಿಂದ ಇದನ್ನೇ ಹೇಳುದು ನಾನು," ಎಂದರು.

ನಾನು ಕಾರಿಗೆ ಬೀಗ ಹಾಕಿದೆ. ಎರಡು ಸಲ ಹಾಕಿದೆ, ಒಮ್ಮೆ ಸಾಲದು ಅನ್ನಿಸಿತು.

ಮುಂದಿನ ಪರೀಕ್ಷೆಯಲ್ಲಿ ಏರಿನ ಮೇಲೆ ನಿಲ್ಲಿಸಿ, ಮೊದಲನೆಯದರಲ್ಲಿ ಹೊರಟು, ಏರು ಮುಗಿದು ಸಮತಟ್ಟಿಗೆ ಬರುವವರೆಗೆ ಮೊದಲನೆಯದರಲ್ಲೇ ಇದ್ದೆ. ಇಂಜಿನ್ ಚೆನ್ನಯನ ಬರ್ನರಿನಂತೆ ಭರ್ ಎನ್ನುತ್ತಿತ್ತು. ಇನ್ಸ್‌ಪೆಕ್ಟರು ಕಾಗದದ ಮೇಲೆ ಏನೋ ಬರೆದು, ತಲೆ ಎತ್ತದೆಯೇ "ಝಾಲಂ ಆಯೀ, ಪಾಸ್" ಎಂದರು. ಹೊರಗೆ ಊರ್ಮಿಳಾತಾಯಿ ಆ ದಿಂಬನ್ನು ಒಂದು ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. "ತುಮಚಂಚ್ ಆಹೆ," ಎಂದಳು. ನಿಮ್ಮದೇ.

ಸಂಜೆ ಇವರು ಮಧ್ವರಾಜರಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಅಡುಗೆಮನೆಗೆ ಕೇಳುತ್ತಿತ್ತು. "ಹೌದು, ಪಾಸು. ಕ್ಲಾಸಿನವರು ಎಂತ ಕಲಿಸ್ತಾರೆ ಮಾರಾಯ. ನಾನೇ ಕೂತು ಕಲಿಸಿದ್ದು."

ನಾನು ಸಾರಿಗೆ ಒಗ್ಗರಣೆ ಹಾಕಿದೆ. ಉರಿ ದೊಡ್ಡದೇ ಇಟ್ಟಿದ್ದೆ.

ಶನಿವಾರ ಮೂರು ಗಂಟೆಗೇ ಇವರು ಬಿಳಿ ಪಂಚೆ ಉಟ್ಟು, ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕುಳಿತರು. ನಾನು ಮೊಳೆಯಿಂದ ಕೀಲಿ ತೆಗೆದು ದೇವರಿಗೆ ಕೈಮುಗಿದು ಇಳಿದೆ. ಮಗಳು ಅಷ್ಟರಲ್ಲಿ ಎರಡು ಸಲ ಫೋನು ಮಾಡಿದ್ದಳು. ಕಾಟೈ ನಾಕೆಯವರೆಗೆ ವಾಹನಗಳ ಸಾಲು ಇರುವೆಯಂತೆ ಹರಿಯಿತು. ಶಿಳ್‌ಫಾಟಾದಲ್ಲಿ ಎಡಕ್ಕೂ ಬಲಕ್ಕೂ ಕಂಟೇನರ್ ಲಾರಿಗಳು, ನಡುವೆ ನಾವು. ಅಲ್ಲಿಂದ ಮಹಾಪೆಗೆ ಹೋಗುವ ರಸ್ತೆ ಗುಡ್ಡ ಹತ್ತುತ್ತದೆ. ಇಷ್ಟು ವರ್ಷ ಈ ಏರಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ನಾನು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ.

ಏರಿನ ನಡುವೆ ಎಲ್ಲ ನಿಂತಿತು. ಮುಂದೆ ಯಾವುದೋ ಟೆಂಪೊ ಕೆಟ್ಟಿರಬೇಕು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಲಾರಿಯ ಮೂತಿ, ಅದರ ನಿಂಬೆಹಣ್ಣು ಮೆಣಸಿನಕಾಯಿ ಕೂಡ ಎಣಿಸಬಹುದಾದಷ್ಟು ಹತ್ತಿರ. ನನ್ನ ಕಾರಿನ ಹಿಂದೆ ಅಂಟಿಸಿದ್ದ ಕೆಂಪು "ಎಲ್" ಅನ್ನು ಕೀಳಲು ಮರೆತಿದ್ದೆ. ಲಾರಿಯವನು ಅದನ್ನು ನೋಡಿರಬೇಕು. ಸಾಲು ಸ್ವಲ್ಪ ಮುಂದೆ ಸರಿದಾಗ ಅವನು ಸರಿಯಲಿಲ್ಲ. ಹಿಂದಿನವರು ಎಷ್ಟು ಹಾರ್ನ್ ಮಾಡಿದರೂ ನನಗೆ ಜಾಗ ಬಿಟ್ಟು ಅಲ್ಲೇ ನಿಂತ.

ಹ್ಯಾಂಡ್ ಬ್ರೇಕು ಬಿಟ್ಟೆ. ಮೊದಲನೆಯದು. ಕಾರು ಒಂದಿಷ್ಟೂ ಹಿಂದಕ್ಕೆ ಹೋಗದೆ ಹೊರಟಿತು. ಎರಡನೆಯದು. ಇಂಜಿನ್ ದನಿ ಏರುತ್ತಾ ಹೋಯಿತು. ಗುಡ್ಡವಿನ್ನೂ ಅರ್ಧ ಇತ್ತು.

"ಮೂರು ಹಾಕು."

"ಹಾಕಿದೆ."

ಇಂಜಿನ್ ಕೂಗುತ್ತಲೇ ಇತ್ತು. ಇಷ್ಟು ದೊಡ್ಡ ಸುಳ್ಳನ್ನು ನಾನು ಯಾವತ್ತೂ ಹೇಳಿರಲಿಲ್ಲ. ಎಂಐಡಿಸಿಯ ಸಮತಟ್ಟು ರಸ್ತೆಯಲ್ಲಿ ಒಂದೆರಡು ಕ್ಷಣದ ವ್ಯತ್ಯಾಸ. ಇಲ್ಲಿ ಇಡೀ ಗುಡ್ಡ.

"ಹಾಕಿದೆಯಾ?"

"ಹಾಕಿದೆ ಅಂದೆನಲ್ಲ."

ನನ್ನ ಕೈ ನೋಡಬೇಕಾದರೆ ಇವರು ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಬೇಕು. ತಿರುಗಿಸಿದರು, ಆದರೆ ಎಡಕ್ಕೆ, ಕಿಟಕಿಯ ಕಡೆಗೆ. ಗುಡ್ಡದ ಒಣಹುಲ್ಲು ನೋಡುತ್ತಾ ಕುಳಿತರು. ನೆತ್ತಿ ತಲುಪಿ ರಸ್ತೆ ಮಟ್ಟವಾದಾಗ ನಾನು ಸದ್ದಿಲ್ಲದೆ ಮೂರನೆಯದು ಹಾಕಿದೆ. ಇಂಜಿನ್ ದನಿ ತಟ್ಟನೆ ಇಳಿಯಿತು. ಗೇರು ಸದ್ದಿಲ್ಲದೆ ಹಾಕಬಹುದು, ಇಂಜಿನ್ನಿನ ಬಾಯಿ ಮುಚ್ಚಿಸಲಾಗುವುದಿಲ್ಲ.

"ಈಗ ಹಾಕಿದ್ದು ನೀನು," ಎಂದರು ಕಿಟಕಿಗೆ.

ನಾನು ರಸ್ತೆ ನೋಡಿದೆ.

"ಚೆನ್ನಯನೂ ಹೀಗೆಯೇ. ಸಣ್ಣ ಮಾಡಿದೆ ಧನಿ, ಅಂತಿದ್ದ. ಬರ್ನರಿನ ಶಬ್ದ ಕೇಳದಿರ್ಲಿಕ್ಕೆ ನಾನೆಂತ ಕಿವುಡನಾ? ಈಗ ಕಣ್ಣು ಹೋಗಿದೆ, ಕಿವಿ ಹೋಗ್ಲಿಲ್ಲ."

"ಗೊತ್ತಿದ್ರೆ ಯಾಕೆ ಸುಮ್ಮನಿದ್ರಿ?"

"ದೋಸೆ ಚಂದ ಬರ್ತಿತ್ತು."

ನನಗೆ ಬಂದ ಸಿಟ್ಟಿಗೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕು ಅನ್ನಿಸಿತು. ಮೂವತ್ತೊಂದು ವರ್ಷ ಅವನಿಗೆ, ನಾಲ್ಕು ತಿಂಗಳು ನನಗೆ. "ಹಾಗಾದ್ರೆ ಈ ನಾಲ್ಕು ತಿಂಗಳು ಗೇರ್ ಗೇರ್ ಅಂತ ನನ್ನ ಪ್ರಾಣ ತಿಂದದ್ದು ಎಂತದಕ್ಕೆ? ನಾನು ಶಂಕು ಬೀಳಿಸಿ ಫೇಲಾಗಿ ಬಂದೆ."

ಇವರು ಶಾಲಿನ ಅಂಚನ್ನು ಬೆರಳಿನಿಂದ ನೇರ ಮಾಡಿದರು. ಇಳಿಜಾರಿನಲ್ಲಿ ಕಾರು ತಾನಾಗಿ ಹೋಗುತ್ತಿತ್ತು, ಕೆಳಗೆ ಮಹಾಪೆಯ ಕಂಪೆನಿಗಳ ಗಾಜಿನ ಕಟ್ಟಡಗಳು ಬಿಸಿಲಿಗೆ ಹೊಳೆಯುತ್ತಿದ್ದವು.

"ನಿಂಗೆ ಮೊದಮೊದಲು ನಿಜವಾಗಿ ಗೊತ್ತಿರ್ಲಿಲ್ಲ, ಅದಕ್ಕೆ ಹೇಳ್ತಿದ್ದೆ," ಎಂದರು. ಆಮೇಲೆ, "ಹೇಳದಿದ್ರೆ ನಾನು ಇಲ್ಲಿ ಕೂತು ಎಂತ ಮಾಡುದು?" ಎಂದರು.

ಸಿಟ್ಟು ಮಾತ್ರ ಇನ್ನೂ ಇತ್ತು. ಆದರೆ ಎಲ್ಲಿ ಇಡಬೇಕೆಂದು ಗೊತ್ತಾಗಲಿಲ್ಲ, ಬಸ್ಸಿನಲ್ಲಿ ಕೈಯಲ್ಲಿ ಹಿಡಿದ ದೊಡ್ಡ ಪಾತ್ರೆಯ ಹಾಗೆ.

ಗುಡ್ಡ ಇಳಿದು ಸಿಗ್ನಲ್ಲಿನಲ್ಲಿ ನಿಂತೆವು. ಹಸಿರಾಯಿತು. ಮೊದಲನೆಯದರಲ್ಲಿ ಹೊರಟೆ. ಪಕ್ಕದಿಂದ ಸದ್ದಿಲ್ಲ. ಇಂಜಿನ್ ದನಿ ಏರಿತು. ಆಗಲೂ ಸದ್ದಿಲ್ಲ. ನಾಲ್ಕು ತಿಂಗಳಿನಿಂದ ಬೇಡ ಬೇಡ ಎಂದುಕೊಂಡಿದ್ದ ಆ ಮಾತು ಬರದೆ ಕೈಗೆ ಏನೋ ತಪ್ಪಿದ ಹಾಗಾಯಿತು.

"ಹೇಳಿ," ಎಂದೆ.

"ಎಂತ?"

"ಎಂತ ಅಂದ್ರೆ? ಇಂಜಿನ್ ಕೂಗ್ತಾ ಉಂಟು. ಪೆಟ್ರೋಲ್ ನನ್ನಪ್ಪನದ್ದಾ?"

ಇವರ ಮುಖ ನನಗೆ ಕಾಣಲಿಲ್ಲ. ರಸ್ತೆ ನೋಡಬೇಕಿತ್ತು. "ಎರಡು ಹಾಕು," ಎಂದರು.

"ಹಾಕಿದೆ," ಎಂದೆ. ನಿಜವಾಗಿಯೂ ಹಾಕಿದ್ದೆ.

ಅಲ್ಲಿಂದ ಸೀವುಡ್ಸ್‌ವರೆಗೆ ಅವರ ಬಾಯಿ ನಿಲ್ಲಲಿಲ್ಲ. ಬೇಲಾಪುರ ರಸ್ತೆಯಲ್ಲಿ ನಾಲ್ಕು ಹಾಕು, ಸಿಗ್ನಲ್ಲು ಕಂಡರೆ ಇಳಿಸು, ತಿರುವಿನಲ್ಲಿ ಎರಡು, ನೇರವಾಯಿತು ಮೂರು. ನಾನು ಎಣಿಸಿದೆ, ಹನ್ನೊಂದು ಸಲ. ಕೆಲವನ್ನು ಹೇಳಿದಾಗಲೇ ಹಾಕಿದೆ. ಕೆಲವನ್ನು ಹಾಕಿದೆ ಎಂದು ಹೇಳಿ ಆಮೇಲೆ ಹಾಕಿದೆ. ಇವರಿಗೆ ಪ್ರತಿಯೊಂದೂ ಕೇಳುತ್ತಿತ್ತು, ನನಗೂ ಅದು ಗೊತ್ತಿತ್ತು. ಆದರೂ ತಲೆ ಸಿಡಿಯುವಷ್ಟು ಸಾಕಾಯಿತು. ಯಾರಾದರೂ ಇದರಲ್ಲಿ ಸುಖವಿದೆ ಎಂದು ಹೇಳಿದರೆ ಅವರನ್ನು ಒಂದು ಶನಿವಾರ ನನ್ನ ಸೀಟಿನಲ್ಲಿ ಕೂರಿಸುತ್ತೇನೆ.

ಐದಕ್ಕೆ ಹತ್ತು ನಿಮಿಷ ಇರುವಾಗ ತಲುಪಿದೆವು. ಮಧ್ವರಾಜರು ಸೊಸೈಟಿಯ ಗೇಟಿನ ಹೊರಗೇ ನಿಂತಿದ್ದರು. ಕೈಯಲ್ಲಿ ಇವರ ತಾಳ, ಹುಣಿಸೆ ಹಾಕಿ ತಿಕ್ಕಿದ್ದು ಹೊಳೆಯುತ್ತಿತ್ತು. ಇಷ್ಟು ತಿಂಗಳು ಅದನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲವಂತೆ. ತಾಳವಿಲ್ಲದ ಶನಿವಾರಗಳಲ್ಲಿ ಚಪ್ಪಾಳೆಯಲ್ಲೇ ಮುಗಿಸಿದರಂತೆ.

ಅವರು ಇವರ ಬಾಗಿಲು ತೆರೆದು, ಮೆಟ್ಟಿಲಿನ ಕಡೆ ಕೈ ಹಿಡಿದರು. "ಮಹಾಪೆ ಏರಿನಲ್ಲಿ ಜಾಮ್ ಅಂತ ಕೇಳಿದೆ ರಾಯರೇ. ನಿಮ್ಮ ಕೋಚಿಂಗ್ ಕೆಲಸಕ್ಕೆ ಬಂತಾ?"

ನಾನು ಹ್ಯಾಂಡ್ ಬ್ರೇಕು ಎಳೆಯುತ್ತಿದ್ದೆ.

"ನಾನೆಂತ ಮಾಡಿದ್ದು? ಎಲ್ಲ ಅವಳೇ," ಎಂದರು ಇವರು, ತಾಳದ ಹುರಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. "ನಾನು ಸುಮ್ಮನೆ ಕೂತಿದ್ದೆ."

ಡೊಂಬಿವಲಿಯಿಂದ ಸೀವುಡ್ಸ್‌ವರೆಗೆ ಒಂದು ಕಿಲೋಮೀಟರು ಕೂಡ ಸುಮ್ಮನೆ ಕೂರದವರು. ನಾನು ಇಂಜಿನ್ ಆರಿಸಿ, ದಿಂಬು ಸರಿಮಾಡಿ, ಹೌದು ಎಂದೆ.